ಗೆರೆ ದಾಟಿದ ಚೆಂಡು ಮತ್ತು ಕ್ಯಾಮರಾ ಇಲ್ಲದ ನ್ಯಾಯ

2024ರ ಜೂನ್ 11. ದೋಹಾದ ಜಾಸಿಂ ಬಿನ್ ಹಮದ್ ಸ್ಟೇಡಿಯಂ. ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಕತಾರ್ ವಿರುದ್ಧ ಭಾರತ 1-0 ಮುಂದೆ ಇತ್ತು. 37ನೇ ನಿಮಿಷದಲ್ಲಿ ಲಾಲಿಯಾನ್‌ಜುವಾಲಾ ಚಾಂಗ್ಟೆ ಹೊಡೆದ ಗೋಲು ಅದು. ಐದು ದಿನ ಮೊದಲಷ್ಟೇ ಸುನಿಲ್ ಛೆಟ್ರಿ ಕೋಲ್ಕತ್ತಾದಲ್ಲಿ ದೇಶದ ಜೆರ್ಸಿ ಕಳಚಿದ್ದರು. ಛೆಟ್ರಿ ಇಲ್ಲದ ತಂಡ ಏಷ್ಯಾ ಚಾಂಪಿಯನ್ನರನ್ನು ಅವರ ಮನೆಯಲ್ಲೇ ಹಿಡಿದು ನಿಲ್ಲಿಸಿತ್ತು.

73ನೇ ನಿಮಿಷದಲ್ಲಿ ಕತಾರ್‌ಗೆ ಫ್ರೀ ಕಿಕ್. ಯೂಸುಫ್ ಅಯ್ಮನ್ ತಲೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ತಡೆದು ನೆಲಕ್ಕೆ ಬಿದ್ದರು. ಚೆಂಡು ಉರುಳುತ್ತಾ ಗೋಲುಕಂಬದ ಪಕ್ಕದಲ್ಲಿ ಗೆರೆ ದಾಟಿ ಹೊರಗೆ ಹೋಯಿತು. ಆಟಗಾರರು ಕಾರ್ನರ್‌ಗೆ ಕಾಯುತ್ತಾ ನಿಂತುಬಿಟ್ಟರು. ಆದರೆ ಹೊರಗೆ ಹೋದ ಚೆಂಡನ್ನು ಕತಾರ್‌ನ ಹಾಶ್ಮಿ ಹುಸೈನ್ ಕಾಲಿನಿಂದ ಒಳಗೆ ಎಳೆದರು, ಅಯ್ಮನ್ ಅದನ್ನು ಬಲೆಗೆ ತಳ್ಳಿದರು. ದಕ್ಷಿಣ ಕೊರಿಯಾದ ರೆಫರಿ ಗೋಲು ಎಂದರು. ಭಾರತದವರು ಸುತ್ತುಗಟ್ಟಿ ಕೇಳಿದರು, ಲೈನ್ಸ್‌ಮನ್ ಹತ್ತಿರ ಓಡಿದರು, ಏನೂ ಆಗಲಿಲ್ಲ. 85ನೇ ನಿಮಿಷದಲ್ಲಿ ಅಹ್ಮದ್ ಅಲ್ ರಾವಿ ಇನ್ನೊಂದು ಹೊಡೆದು 2-1 ಆಯಿತು.

ಟಿವಿಯಲ್ಲಿ ನೋಡುತ್ತಿದ್ದವರಿಗೆ ಅರ್ಧ ನಿಮಿಷದಲ್ಲಿ ರಿಪ್ಲೇ ಬಂತು. ಚೆಂಡು ಹೊರಗೆ ಹೋದದ್ದು ಚಿಕ್ಕ ಮಕ್ಕಳಿಗೂ ಕಾಣುವ ಹಾಗಿತ್ತು. ದೋಹಾದ ಬ್ಯಾಚುಲರ್ ರೂಮಿನಲ್ಲಿ ಮೊಬೈಲ್ ಹಿಡಿದು ಕೂತ ಹುಡುಗನಿಗೆ, ಉಳ್ಳಾಲದ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದವನಿಗೆ ಸತ್ಯ ಗೊತ್ತಾಯಿತು. ಗೊತ್ತಾಗದೆ ಉಳಿದದ್ದು ಮೈದಾನದ ಮಧ್ಯದಲ್ಲಿದ್ದ, ತೀರ್ಪು ಕೊಡಬೇಕಾದ ಒಬ್ಬನಿಗೆ ಮಾತ್ರ.

ಆ ಒಂದು ಗೋಲಿನ ಬೆಲೆ ಲೆಕ್ಕ ಹಾಕಿದರೆ ಹೊಟ್ಟೆ ಉರಿಯುತ್ತದೆ. ಅದೇ ದಿನ ಕುವೈತ್ ತಂಡ ಅಫ್ಘಾನಿಸ್ತಾನವನ್ನು 1-0ರಿಂದ ಸೋಲಿಸಿ 7 ಅಂಕಕ್ಕೆ ಏರಿತು. ಭಾರತ ಆ 1-0 ಅನ್ನು ಉಳಿಸಿಕೊಂಡಿದ್ದರೆ 8 ಅಂಕ ಆಗಿ, ಮೊದಲ ಬಾರಿಗೆ ಅರ್ಹತಾ ಪಂದ್ಯಗಳ ಮೂರನೇ ಸುತ್ತಿಗೆ ಕಾಲಿಡುತ್ತಿತ್ತು. ಕೈಗೆ ಬಂದದ್ದು 5 ಅಂಕ. ಆ ಗೋಲು ಕೊಡದಿದ್ದರೆ ಭಾರತ ಖಂಡಿತ ಗೆಲ್ಲುತ್ತಿತ್ತು ಎನ್ನಲು ಬರುವುದಿಲ್ಲ, 17 ನಿಮಿಷ ಬಾಕಿ ಇತ್ತು, ಕತಾರ್ ಒತ್ತಡ ಹಾಕುತ್ತಲೇ ಇತ್ತು. ಆದರೆ ಸೋಲುವುದಾದರೆ ಸರಿಯಾದ ಗೋಲಿನಿಂದ ಸೋಲುವ ಹಕ್ಕಾದರೂ ಒಂದು ತಂಡಕ್ಕೆ ಬೇಕಲ್ಲ. ಅಖಿಲ ಭಾರತ ಫುಟ್ಬಾಲ್ ಫೆಡರೇಶನ್ (ಎಐಎಫ್‌ಎಫ್) ದೂರು ಕೊಟ್ಟಿತು, ತನಿಖೆ ಕೇಳಿತು. ಫಲಿತಾಂಶ ಬದಲಾಗಲಿಲ್ಲ. ವಾರದೊಳಗೆ ಕೋಚ್ ಇಗೊರ್ ಸ್ಟಿಮಾಚ್ ಅವರನ್ನು ಮನೆಗೆ ಕಳುಹಿಸಲಾಯಿತು.

ಈ ಕಥೆಯಲ್ಲಿ ನಿಜವಾಗಿ ಕುಟುಕುವ ವಿಷಯ ಬೇರೆ. ತೀರ್ಪು ತಪ್ಪದ ಹಾಗೆ ನೋಡಿಕೊಳ್ಳುವ ಯಂತ್ರಗಳು ಲೋಕದಲ್ಲೇ ಅತಿ ಹೆಚ್ಚು ಕೆಲಸ ಮಾಡಿದ ಊರುಗಳಲ್ಲಿ ದೋಹಾ ಒಂದು. 2022ರ ವಿಶ್ವಕಪ್‌ನಲ್ಲಿ ಪ್ರತಿ ಸ್ಟೇಡಿಯಂನ ಚಾವಣಿಯಡಿ 12 ಕ್ಯಾಮರಾ ಇಟ್ಟಿದ್ದರು. ಅವು ಪ್ರತಿಯೊಬ್ಬ ಆಟಗಾರನ ಮೈಮೇಲಿನ 29 ಬಿಂದುಗಳನ್ನು ಸೆಕೆಂಡಿಗೆ 50 ಸಲ ಗುರುತಿಸುತ್ತಿದ್ದವು. ಚೆಂಡಿನ ಹೊಟ್ಟೆಯೊಳಗೆ ಒಂದು ಸೆನ್ಸರ್ ಇತ್ತು, ಅದು ಸೆಕೆಂಡಿಗೆ 500 ಸಲ ಸುದ್ದಿ ಕಳುಹಿಸುತ್ತಿತ್ತು. ಯಾರು ಯಾವ ಕ್ಷಣದಲ್ಲಿ ಚೆಂಡು ಒದ್ದರು, ಆಗ ಯಾರ ಭುಜ ಎಲ್ಲಿತ್ತು ಎಂಬುದೆಲ್ಲ ಲೆಕ್ಕಕ್ಕೆ ಸಿಗುತ್ತಿತ್ತು. ಉದ್ಘಾಟನಾ ಪಂದ್ಯದ ಮೂರನೇ ನಿಮಿಷದಲ್ಲೇ ಈಕ್ವೆಡಾರ್‌ನ ಎನ್ನರ್ ವಲೆನ್ಸಿಯಾ ಹೊಡೆದ ಗೋಲು ಆಫ್‌ಸೈಡ್ ಎಂದು ರದ್ದಾದದ್ದು ಹೀಗೆಯೇ. ಆ ದಿನ ಯಂತ್ರ ಕಾಪಾಡಿದ್ದು ಕತಾರನ್ನು.

ಅದೇ ಟೂರ್ನಿಯ ಜಪಾನ್-ಸ್ಪೇನ್ ಪಂದ್ಯ ಯಾರೂ ಮರೆತಿರಲಿಕ್ಕಿಲ್ಲ. ಡಿಸೆಂಬರ್ 1ರಂದು ಮಿತೋಮಾ ಗೆರೆಯ ಅಂಚಿನಿಂದ ಚೆಂಡು ಎಳೆದು ಕೊಟ್ಟರು, ತನಾಕ ಗೋಲು ಮಾಡಿದರು. ಟಿವಿ ನೋಡಿದ ಎಲ್ಲರೂ ಚೆಂಡು ಹೊರಗೆ ಹೋಗಿದೆ ಎಂದೇ ಹೇಳಿದರು. ಆದರೆ ನಿಯಮ ಏನೆಂದರೆ, ಪೂರ್ತಿ ಚೆಂಡು ಪೂರ್ತಿ ಗೆರೆಯನ್ನು ದಾಟಬೇಕು. ಚೆಂಡು ಗುಂಡಗೆ ಇರುವುದರಿಂದ ಅದು ನೆಲಕ್ಕೆ ತಾಗುವ ಜಾಗ ಗೆರೆಯಾಚೆ ಇದ್ದರೂ, ಅದರ ಉಬ್ಬಿದ ಹೊಟ್ಟೆ ಗೆರೆಯ ನೇರಕ್ಕೆ ಗಾಳಿಯಲ್ಲಿ ಇರಬಹುದು. ಮೇಲಿನಿಂದ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಒಳಗೆ ಉಳಿದದ್ದು ಎರಡು ಮಿಲಿಮೀಟರ್‌ಗಿಂತಲೂ ಕಡಿಮೆ ಎಂದು ವರದಿಯಾಯಿತು. ಆ ಕೂದಲೆಳೆಯ ಮೇಲೆ ಜಪಾನ್ ಗುಂಪಿನಲ್ಲಿ ಮೊದಲ ಸ್ಥಾನಕ್ಕೆ ಬಂತು, ಕೋಸ್ಟರಿಕಾವನ್ನು 4-2ರಿಂದ ಸೋಲಿಸಿಯೂ ಜರ್ಮನಿ ಹೊರಗೆ ಬಿತ್ತು.

2024ರ ಆರಂಭದಲ್ಲಿ ಕತಾರ್‌ನಲ್ಲೇ ನಡೆದ ಏಷ್ಯನ್ ಕಪ್‌ಗೂ ಇದೇ ಅರೆ-ಸ್ವಯಂಚಾಲಿತ ಆಫ್‌ಸೈಡ್ ವ್ಯವಸ್ಥೆ ಇತ್ತು. ಭಾರತವೂ ಅದರಲ್ಲಿ ಆಡಿತ್ತು. ನಾಲ್ಕು ತಿಂಗಳಾದ ಮೇಲೆ ಅದೇ ಊರಿನಲ್ಲಿ ಅದೇ ಎರಡು ದೇಶಗಳಿಗೆ ಸಂಬಂಧಪಟ್ಟ ವಿಶ್ವಕಪ್ ಅರ್ಹತಾ ಪಂದ್ಯಕ್ಕೆ ಏನೂ ಇರಲಿಲ್ಲ. ಕಾರಣ ಸರಳ: ಏಷ್ಯಾದ ಅರ್ಹತಾ ಪಂದ್ಯಗಳಲ್ಲಿ ಮೂರನೇ ಸುತ್ತಿನಿಂದ ಮೇಲೆ ಮಾತ್ರ ವಿಎಆರ್ ಅಂದರೆ ವೀಡಿಯೊ ಅಸಿಸ್ಟೆಂಟ್ ರೆಫರಿ. ಎರಡನೇ ಸುತ್ತಿಗೆ ಇಲ್ಲ. ಎರಡನೇ ಸುತ್ತಿನಲ್ಲಿ ಭಾರತದಂಥ ದೇಶಗಳ ಊರುಗಳಲ್ಲೂ ಪಂದ್ಯ ನಡೆಯಬೇಕು, ಎಲ್ಲ ಕಡೆ ಒಂದೇ ಸೌಕರ್ಯ ಸಿಗುವುದಿಲ್ಲ, ಒಬ್ಬರಿಗೆ ಕೊಟ್ಟು ಒಬ್ಬರಿಗೆ ಇಲ್ಲದಿದ್ದರೆ ಅದೂ ಅನ್ಯಾಯ ಎಂಬ ವಾದದಲ್ಲಿ ಅರ್ಥ ಇಲ್ಲದೆ ಇಲ್ಲ. ಆದರೆ ಅದರ ಫಲ ಏನಾಯಿತೆಂದರೆ, ಮೇಲಿನ ಮೆಟ್ಟಿಲು ಹತ್ತಿದವರಿಗೆ ಕ್ಯಾಮರಾದ ನ್ಯಾಯ, ಹತ್ತಲು ಕಷ್ಟಪಡುವವರಿಗೆ ಅದೃಷ್ಟ.

ಭಾರತದೊಳಗೆ ಈ ಚರ್ಚೆ ದೋಹಾಕ್ಕಿಂತ ಮೊದಲೇ ಶುರುವಾಗಿತ್ತು, ಅದೂ ಬೆಂಗಳೂರಿನಲ್ಲಿ. 2023ರ ಮಾರ್ಚ್ 3ರಂದು ಕಂಠೀರವ ಕ್ರೀಡಾಂಗಣದಲ್ಲಿ ಐಎಸ್‌ಎಲ್ ನಾಕೌಟ್. ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್. ಕರಾವಳಿಯ ಮಟ್ಟಿಗೆ ಇದಕ್ಕಿಂತ ದೊಡ್ಡ ಪಂದ್ಯ ಕಡಿಮೆ. ಮಂಗಳೂರು ಕಡೆಯವರಿಗೆ ಬೆಂಗಳೂರು ತಮ್ಮ ರಾಜ್ಯದ ತಂಡ. ಕಾಸರಗೋಡು, ಮಂಜೇಶ್ವರದವರಿಗೆ ಹಳದಿ ಜೆರ್ಸಿಯ ಮೋಹ, ಅದಕ್ಕೆ ಕಾರಣವೂ ಇದೆ. ಕಾಸರಗೋಡು ಜಿಲ್ಲೆಯ ತ್ರಿಕರಿಪುರದ ಮುಹಮ್ಮದ್ ರಾಫಿ 2016ರ ಫೈನಲ್‌ನಲ್ಲಿ ಬ್ಲಾಸ್ಟರ್ಸ್ ಪರ ತಲೆಯಿಂದ ಗೋಲು ಹೊಡೆದವರು. ಒಂದೇ ಮನೆಯಲ್ಲಿ ಎರಡು ಪಕ್ಷ ಇರುವ ಪಂದ್ಯ ಇದು.

90 ನಿಮಿಷ 0-0. ಹೆಚ್ಚುವರಿ ಸಮಯ ಶುರುವಾಗಿ ಕೆಲವೇ ನಿಮಿಷದಲ್ಲಿ ಬೆಂಗಳೂರಿಗೆ ಪೆಟ್ಟಿಗೆಯ ಹೊರಗೆ ಫ್ರೀ ಕಿಕ್. ಬ್ಲಾಸ್ಟರ್ಸ್ ಗೋಡೆ ಕಟ್ಟುತ್ತಿರುವಾಗಲೇ ಛೆಟ್ರಿ ಚೆಂಡನ್ನು ಎತ್ತಿ ಬಲೆಗೆ ಹಾಕಿದರು. ರೆಫರಿ ಕ್ರಿಸ್ಟಲ್ ಜಾನ್ ಗೋಲು ಕೊಟ್ಟರು. ರೆಫರಿ ವಿಸಿಲ್ ಊದಿಲ್ಲ, ಗೋಡೆ ಸಿದ್ಧ ಆಗಿಲ್ಲ ಎಂದು ಬ್ಲಾಸ್ಟರ್ಸ್ ಗಲಾಟೆ. ಕೋಚ್ ಇವಾನ್ ವುಕೊಮಾನೊವಿಚ್ ತಂಡವನ್ನು ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು, ಮರಳಿ ಬರಲಿಲ್ಲ. ಪಂದ್ಯ ಬೆಂಗಳೂರಿಗೆ. ತಿಂಗಳ ಕೊನೆಗೆ ಶಿಸ್ತು ಸಮಿತಿ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು, ಕೋಚ್‌ಗೆ 10 ಪಂದ್ಯ ನಿಷೇಧ ಮತ್ತು 5 ಲಕ್ಷ ದಂಡ. ಮೇಲ್ಮನವಿಯೂ ಫಲ ಕೊಡಲಿಲ್ಲ.

ಆ ರಾತ್ರಿ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಬ್ಲಾಸ್ಟರ್ಸ್ ಅಭಿಮಾನಿಗಳು ವಿಎಆರ್ ಬೇಕು ಎಂದರು, ಬೆಂಗಳೂರಿನವರು ನಿಯಮ ಓದಿ ಬನ್ನಿ ಎಂದರು. ಸರಿಯಾಗಿ 15 ದಿನ. ಮಾರ್ಚ್ 18ಕ್ಕೆ ಗೋವಾದ ಫತೋರ್ಡಾದಲ್ಲಿ ಫೈನಲ್. ಬೆಂಗಳೂರು ಮತ್ತು ಎಟಿಕೆ ಮೋಹನ್ ಬಗಾನ್ 2-2, ಅದರಲ್ಲಿ ಮೂರು ಗೋಲು ಪೆನಾಲ್ಟಿಯಿಂದ. 85ನೇ ನಿಮಿಷದಲ್ಲಿ ಬಗಾನ್‌ಗೆ ಸಿಕ್ಕಿದ ಪೆನಾಲ್ಟಿಯ ಫೌಲ್ ಪೆಟ್ಟಿಗೆಯ ಒಳಗೋ ಹೊರಗೋ ಎಂದು ದೊಡ್ಡ ತಕರಾರು. ಕೊನೆಗೆ ಶೂಟೌಟ್‌ನಲ್ಲಿ ಬೆಂಗಳೂರು ಸೋತಿತು. ಆಗ ಐಎಸ್‌ಎಲ್‌ಗೆ ವಿಎಆರ್ ಬರಲೇಬೇಕು ಎಂದು ಬಹಿರಂಗವಾಗಿ ಬರೆದವರು ಬೇರೆ ಯಾರೂ ಅಲ್ಲ, ಬೆಂಗಳೂರು ಎಫ್‌ಸಿಯ ಮಾಲಕ ಪಾರ್ಥ್ ಜಿಂದಾಲ್. ತಕ್ಕಡಿ ತಮ್ಮ ಕಡೆ ವಾಲಿದಾಗ ಯಾರೂ ತೂಕದ ಕಲ್ಲು ಪರೀಕ್ಷೆ ಮಾಡುವುದಿಲ್ಲ. ಇದು ಬೆಂಗಳೂರಿನವರ ದೋಷ ಮಾತ್ರ ಅಲ್ಲ, ಎಲ್ಲರದ್ದೂ.

ಈಗ ಮುಖ್ಯ ಪ್ರಶ್ನೆ. ಕಂಠೀರವ, ಫತೋರ್ಡಾ, ದೋಹಾ. ಈ ಮೂರು ಕಡೆಯೂ ವಿಎಆರ್ ಇದ್ದಿದ್ದರೆ ಏನಾಗುತ್ತಿತ್ತು?

ವಿಎಆರ್ ಎಲ್ಲದಕ್ಕೂ ಕೈ ಹಾಕುವುದಿಲ್ಲ. 2018ರಲ್ಲಿ ಆಟದ ನಿಯಮಗಳಿಗೆ ಸೇರಿದಾಗಲೇ ಅದಕ್ಕೆ ನಾಲ್ಕೇ ಕೆಲಸ: ಗೋಲು, ಪೆನಾಲ್ಟಿ, ನೇರ ಕೆಂಪು ಕಾರ್ಡು, ಒಬ್ಬನ ತಪ್ಪಿಗೆ ಇನ್ನೊಬ್ಬನಿಗೆ ಕಾರ್ಡು ಕೊಟ್ಟ ಪ್ರಕರಣ. ಅದರಲ್ಲೂ ಸ್ಪಷ್ಟವಾಗಿ ಕಣ್ಣಿಗೆ ರಾಚುವ ತಪ್ಪು ಇದ್ದರೆ ಮಾತ್ರ. ದೋಹಾದಲ್ಲಿ ಚೆಂಡು ಹೊರಗೆ ಹೋದ ಮೇಲೆ ಬಂದ ಗೋಲು ಈ ಪಟ್ಟಿಯ ಒಳಗೆ ಬರುತ್ತದೆ, ಅರ್ಧ ನಿಮಿಷದ ಕೆಲಸ. ಫತೋರ್ಡಾದಲ್ಲಿ ಫೌಲ್ ಆದ ಜಾಗ ಒಳಗೋ ಹೊರಗೋ ಎಂಬುದೂ ಕ್ಯಾಮರಾ ಹೇಳಬಲ್ಲ ವಿಷಯ. ಆದರೆ ಕಂಠೀರವದ ಜಗಳ? ಫ್ರೀ ಕಿಕ್ ಬೇಗ ಹೊಡೆಯುವುದಕ್ಕೆ ನಿಯಮದಲ್ಲಿ ಅವಕಾಶ ಇದೆ. ವಿಸಿಲ್‌ಗೆ ಕಾಯಬೇಕು ಎಂದು ರೆಫರಿ ಸೂಚಿಸಿದ್ದರೆ ಮಾತ್ರ ಕಾಯಬೇಕು. ಅಂದರೆ ಅಲ್ಲಿ ವಿವಾದ ಚೆಂಡಿನದ್ದಲ್ಲ, ಗೆರೆಯದ್ದಲ್ಲ. ರೆಫರಿ ಆಟಗಾರರಿಗೆ ಏನು ಸೂಚನೆ ಕೊಟ್ಟರು, ಆಟಗಾರರು ಏನು ಅರ್ಥ ಮಾಡಿಕೊಂಡರು ಎಂಬುದು. ಫ್ರೀ ಕಿಕ್ ಹೇಗೆ ಶುರುವಾಯಿತು ಎಂಬುದಕ್ಕೆ ವಿಎಆರ್ ಪಟ್ಟಿಯಲ್ಲಿ ಜಾಗವೇ ಇಲ್ಲ. ದೇಶಕ್ಕೆ ವಿಎಆರ್ ಬೇಕು ಎಂಬ ಕೂಗು ಯಾವ ಪಂದ್ಯದಿಂದ ಎದ್ದಿತೋ ಅದೇ ಪಂದ್ಯವನ್ನು ವಿಎಆರ್ ಬಗೆಹರಿಸುತ್ತಿರಲಿಲ್ಲ ಎಂಬುದು ಇದರ ತಮಾಷೆ.

ಯಂತ್ರಕ್ಕೆ ಅಳತೆ ಗೊತ್ತು, ಉದ್ದೇಶ ಗೊತ್ತಿಲ್ಲ. ಕೈಗೆ ಚೆಂಡು ತಾಗಿದ್ದು ತೋರಿಸುತ್ತದೆ, ಬೇಕೆಂದು ತಾಗಿಸಿದ್ದೋ ಎಂದು ಹೇಳುವುದಿಲ್ಲ. ಅದನ್ನು ನೋಡಲು ರೆಫರಿಯೇ ಮೈದಾನದ ಪಕ್ಕದ ಟಿವಿ ಹತ್ತಿರ ಓಡಬೇಕು.

ಅಳತೆಯ ವಿಷಯದಲ್ಲೂ ಯಂತ್ರ ಸುಲಭವಾಗಿ ಬಂದದ್ದಲ್ಲ. 2010ರ ವಿಶ್ವಕಪ್‌ನಲ್ಲಿ ಜರ್ಮನಿ ವಿರುದ್ಧ ಇಂಗ್ಲೆಂಡಿನ ಫ್ರಾಂಕ್ ಲ್ಯಾಂಪಾರ್ಡ್ ಹೊಡೆದ ಚೆಂಡು ಗೋಲುಗೆರೆಯ ಒಳಗೆ ಬಿದ್ದು ಹೊರಗೆ ಪುಟಿಯಿತು, ಗೋಲು ಸಿಗಲಿಲ್ಲ. 2012ರ ಯುರೋದಲ್ಲಿ ಗೋಲುಗೆರೆ ನೋಡಲೆಂದೇ ಪಕ್ಕದಲ್ಲಿ ಒಬ್ಬ ಹೆಚ್ಚುವರಿ ಅಧಿಕಾರಿಯನ್ನು ನಿಲ್ಲಿಸಿದ್ದರು. ಉಕ್ರೇನ್‌ನ ಚೆಂಡು ಗೆರೆ ದಾಟಿದಾಗ ಆತನಿಗೂ ಕಾಣಲಿಲ್ಲ. (ಆ ದಾಳಿಯಲ್ಲಿ ಮೊದಲು ಉಕ್ರೇನ್‌ನದ್ದೇ ಆಫ್‌ಸೈಡ್ ಇತ್ತು, ಅದೂ ಯಾರಿಗೂ ಕಾಣಲಿಲ್ಲ ಎಂಬುದು ಬೇರೆ ಮಾತು.) ಎರಡೇ ವಾರದಲ್ಲಿ ಗೋಲುಗೆರೆ ತಂತ್ರಜ್ಞಾನಕ್ಕೆ ಒಪ್ಪಿಗೆ ಸಿಕ್ಕಿತು, 2014ರ ಬ್ರೆಜಿಲ್ ವಿಶ್ವಕಪ್‌ಗೆ ಬಂತು.

ಯಂತ್ರ ಬಂದ ಮೇಲೆ ತಪ್ಪು ನಿಂತಿತಾ? 2020ರ ಜೂನ್ 17ರಂದು ಆಸ್ಟನ್ ವಿಲ್ಲಾದ ಗೋಲ್‌ಕೀಪರ್ ಚೆಂಡು ಹಿಡಿದುಕೊಂಡೇ ಗೆರೆಯ ಒಳಗೆ ಹೋದರು. ಶೆಫೀಲ್ಡ್ ಯುನೈಟೆಡ್‌ಗೆ ಗೋಲು ಸಿಗಬೇಕಿತ್ತು. ಏಳೂ ಕ್ಯಾಮರಾಗಳಿಗೆ ಆಟಗಾರರು, ಕಂಬ ಅಡ್ಡ ಬಂದು ರೆಫರಿಯ ವಾಚು ಸುಮ್ಮನಿತ್ತು. ಹಾಕ್-ಐ ಕಂಪೆನಿ ಕ್ಷಮೆ ಕೇಳಿತು. ಪಂದ್ಯ 0-0. ವಿಲ್ಲಾ ಆ ವರ್ಷ ಕೆಳ ದರ್ಜೆಗೆ ಬೀಳದೆ ಉಳಿದದ್ದು ಒಂದೇ ಒಂದು ಅಂಕದಿಂದ. ಕೆಳಗೆ ಬಿದ್ದದ್ದು ಬೋರ್ನ್‌ಮತ್, ಆ ಪಂದ್ಯಕ್ಕೂ ಅವರಿಗೂ ಸಂಬಂಧವೇ ಇರಲಿಲ್ಲ.

2023ರ ಸೆಪ್ಟೆಂಬರ್ 30ರದ್ದು ಇನ್ನೂ ವಿಚಿತ್ರ. ಟಾಟನ್‌ಹ್ಯಾಮ್ ವಿರುದ್ಧ ಲಿವರ್‌ಪೂಲ್‌ನ ಲೂಯಿಸ್ ಡಿಯಾಜ್ ಗೋಲು ಹೊಡೆದರು, ಲೈನ್ಸ್‌ಮನ್ ಆಫ್‌ಸೈಡ್ ಎಂದು ಬಾವುಟ ಎತ್ತಿದರು. ವಿಎಆರ್ ಕೋಣೆಯಲ್ಲಿ ಕೂತವರು ನೋಡಿದರು, ಡಿಯಾಜ್ ಆಫ್‌ಸೈಡ್ ಅಲ್ಲ ಎಂದು ಸರಿಯಾಗಿಯೇ ಕಂಡುಕೊಂಡರು. ಆದರೆ ಮೈದಾನದಲ್ಲಿ ಗೋಲು ಕೊಟ್ಟಾಗಿದೆ ಎಂದು ತಪ್ಪು ತಿಳಿದು ಎಲ್ಲ ಸರಿ ಇದೆ ಎಂದು ಹೇಳಿಬಿಟ್ಟರು. ಆಟ ಮುಂದುವರಿಯಿತು. ಒಮ್ಮೆ ಆಟ ಶುರುವಾದರೆ ಹಿಂದೆ ಹೋಗುವ ಹಾಗಿಲ್ಲ. ಲಿವರ್‌ಪೂಲ್ 2-1ರಿಂದ ಸೋತಿತು. ಯಂತ್ರ ಸರಿ, ನೋಡಿದ ಕಣ್ಣು ಸರಿ, ಬಾಯಿ ತಪ್ಪಿತು. ಅಲ್ಲಿ ಮಾತಾಡಿದ ಧ್ವನಿಮುದ್ರಣವನ್ನು ಆಮೇಲೆ ಸಾರ್ವಜನಿಕರಿಗೆ ಬಿಟ್ಟರು, ಅಷ್ಟು ಮರ್ಯಾದೆ ಉಳಿಸಿಕೊಂಡರು.

ಇದರಿಂದ ಬೇಸತ್ತವರೂ ಇದ್ದಾರೆ. 2024ರಲ್ಲಿ ಇಂಗ್ಲೆಂಡಿನ ವುಲ್ವ್ಸ್ ಕ್ಲಬ್ ವಿಎಆರ್ ತೆಗೆಯಬೇಕು ಎಂದು ಮತಕ್ಕೆ ಹಾಕಿತು, 19-1ರಿಂದ ಸೋತಿತು. ಸ್ವೀಡನ್ ಮಾತ್ರ ವಿಎಆರ್ ಬೇಡವೆಂದೇ ಉಳಿಯಿತು, ಅಲ್ಲಿ ಕ್ಲಬ್ಬುಗಳಲ್ಲಿ ಅಭಿಮಾನಿಗಳಿಗೆ ಮತ ಇದೆ. ಗೋಲು ಹೊಡೆದ ಕೂಡಲೇ ಕುಣಿಯುವ ಸುಖ ಹೋಗುತ್ತದೆ, ಮೂರು ನಿಮಿಷ ಕಾಯಬೇಕು ಎಂಬುದು ಅವರ ದೂರು. ಒಪ್ಪಬೇಕಾದ ಮಾತೇ. ಆದರೆ ದೋಹಾದಂಥ ಗೋಲಿನಿಂದ ವಿಶ್ವಕಪ್ ದಾರಿ ತಪ್ಪಿಸಿಕೊಂಡ ದೇಶದವರಿಗೆ ಕುಣಿತದ ಸುಖಕ್ಕಿಂತ ಮೂರು ನಿಮಿಷ ಕಾಯುವುದು ಅಗ್ಗ ಅನಿಸಿದರೆ ತಪ್ಪಲ್ಲ.

ಇನ್ನು ಅಂಗಡಿಯ ಲೆಕ್ಕ. ವಿಎಆರ್ ಎಂದರೆ ಒಂದು ಟಿವಿ, ನಾಲ್ಕು ಕ್ಯಾಮರಾ ಅಲ್ಲ. ಪ್ರತಿ ಪಂದ್ಯಕ್ಕೆ ಒಬ್ಬ ವೀಡಿಯೊ ರೆಫರಿ, ಅವನಿಗೊಬ್ಬ ಸಹಾಯಕ, ರಿಪ್ಲೇ ಹುಡುಕಿ ಕೊಡುವ ಆಪರೇಟರ್. ಇವರಿಗೆಲ್ಲ ಫಿಫಾ ಒಪ್ಪುವ ತರಬೇತಿ ಬೇಕು, ಲೀಗ್‌ಗೂ ಅನುಮತಿ ಬೇಕು. ಒಂದು ಸಲದ ಬಂಡವಾಳ ಯಾರಾದರೂ ಹಾಕಿಯಾರು, ಪ್ರತಿ ವಾರದ ಖರ್ಚು ಯಾರದ್ದು? 2023ರಲ್ಲಿ ಎಐಎಫ್‌ಎಫ್ ಅಧ್ಯಕ್ಷ ಕಲ್ಯಾಣ್ ಚೌಬೆ ಬೆಲ್ಜಿಯಂ ಮಾದರಿಯ ಅಗ್ಗದ ವಿಎಆರ್ ಬಗ್ಗೆ ಮಾತಾಡಿದ್ದರು. ಆಮೇಲೆ ಬಂದದ್ದು ಬೇರೆಯೇ ಸುದ್ದಿ. 2010ರಲ್ಲಿ ರಿಲಯನ್ಸ್ ಕಡೆಯವರ ಜೊತೆ ಮಾಡಿಕೊಂಡ 15 ವರ್ಷದ ಒಪ್ಪಂದ 2025ರ ಡಿಸೆಂಬರಿಗೆ ಮುಗಿಯಬೇಕಿತ್ತು, ನವೀಕರಣ ಆಗಲಿಲ್ಲ, ಜುಲೈಯಲ್ಲಿ ಐಎಸ್‌ಎಲ್ ಋತುವನ್ನೇ ತಡೆಹಿಡಿದರು. ಲೀಗ್ ನಡೆಸುವ ಹಕ್ಕಿಗೆ ಟೆಂಡರ್ ಕರೆದರೆ ನವೆಂಬರಿಗೆ ಒಂದೇ ಒಂದು ಬಿಡ್ ಬರಲಿಲ್ಲ. ಬಾಡಿಗೆ ಕಟ್ಟಲು ಪರದಾಡುವ ಅಂಗಡಿಗೆ ಏಸಿ ಹಾಕಿಸುವ ಮಾತು ಇದು.

ಹಾಗಂತ ಕೈಕಟ್ಟಿ ಕೂರಬೇಕಾಗಿಲ್ಲ, ಯಾಕೆಂದರೆ ಅಗ್ಗದ ದಾರಿ ಈಗ ಬಂದಿದೆ. ಫುಟ್ಬಾಲ್ ವೀಡಿಯೊ ಸಪೋರ್ಟ್ ಎಂದು ಫಿಫಾ ಹೆಸರಿಟ್ಟಿದೆ. 2024ರಲ್ಲಿ ಕೊಲಂಬಿಯಾದ 20 ವರ್ಷದೊಳಗಿನ ಮಹಿಳಾ ವಿಶ್ವಕಪ್‌ನಲ್ಲಿ ಪ್ರಯೋಗ ಮಾಡಿದರು. ಇದರಲ್ಲಿ ಕೋಣೆಯೊಳಗೆ ಕೂರುವ ವೀಡಿಯೊ ರೆಫರಿ ಇಲ್ಲ. ಪ್ರತಿ ಕೋಚ್‌ಗೆ ಪಂದ್ಯಕ್ಕೆ ಎರಡು ಸಲ ಮರುಪರಿಶೀಲನೆ ಕೇಳುವ ಹಕ್ಕು, ಕ್ರಿಕೆಟ್‌ನ ಡಿಆರ್‌ಎಸ್ ತರ. ಕೇಳಿದ್ದು ಸರಿಯಾದರೆ ಅವಕಾಶ ಉಳಿಯುತ್ತದೆ, ಸುಳ್ಳಾದರೆ ಹೋಯಿತು. ರೆಫರಿಯೇ ಪಕ್ಕದ ಪರದೆಯಲ್ಲಿ ನೋಡಿ ತೀರ್ಪು ಕೊಡುತ್ತಾನೆ. ಕ್ಯಾಮರಾ ಬೆರಳೆಣಿಕೆಯಷ್ಟಿದ್ದರೆ ಸಾಕು. ಸ್ಪೇನ್‌ನ ಮಹಿಳಾ ಲೀಗ್, ಇಟಲಿಯ ಮೂರನೇ ದರ್ಜೆಯ ಲೀಗ್ ಇದನ್ನು ಹಿಡಿದುಕೊಂಡಿವೆ. ಎಲ್ಲ ಪಂದ್ಯವೂ ಹೇಗೂ ಟಿವಿಯಲ್ಲೋ ಮೊಬೈಲಿನಲ್ಲೋ ಬರುವ ಐಎಸ್‌ಎಲ್‌ಗೆ, ಏಷ್ಯಾದ ಎರಡನೇ ಸುತ್ತಿಗೆ ಇದು ಅಸಾಧ್ಯವೇನೂ ಅಲ್ಲ. ದೋಹಾದಲ್ಲಿ ಕೋಚ್ ಕೈಯಲ್ಲಿ ಅಂಥ ಒಂದೇ ಒಂದು ಚೀಟಿ ಇದ್ದಿದ್ದರೆ ಸಾಕಿತ್ತು. ಡಿಆರ್‌ಎಸ್ ಬೇಡವೆಂದು ವರ್ಷಗಟ್ಟಲೆ ಹಠ ಹಿಡಿದ ಭಾರತದ ಕ್ರಿಕೆಟ್ ಮಂಡಳಿಯೇ ಕೊನೆಗೆ ಒಪ್ಪಿಕೊಂಡಿತು ಎಂಬುದನ್ನೂ ನೆನಪಿಟ್ಟರೆ ಒಳ್ಳೆಯದು.

ಇದರ ಬುಡ ಇರುವುದು ಮಾತ್ರ ಊರಿನ ಮೈದಾನದಲ್ಲಿ. ಮಂಗಳೂರಿನ ನೆಹರೂ ಮೈದಾನ ಇರಲಿ, ಉಪ್ಪಳ, ಕುಂಬಳೆ ಕಡೆಯ ಫ್ಲಡ್‌ಲೈಟ್ ಸೆವೆನ್ಸ್ ಇರಲಿ, ಪಂದ್ಯ ಮುಗಿದ ಹತ್ತು ನಿಮಿಷದಲ್ಲಿ ಯಾರದ್ದೋ ಮೊಬೈಲ್ ವೀಡಿಯೊ ಸುತ್ತಾಡಲು ಶುರುವಾಗುತ್ತದೆ. ನಿಧಾನ ಮಾಡಿ, ಕೆಂಪು ವೃತ್ತ ಹಾಕಿ, ರೆಫರಿ ದುಡ್ಡು ತಿಂದಿದ್ದಾನೆ ಎಂದು ಕೆಳಗೆ ಬರೆದು. ಅದು ತೆಗೆದ ಕೋನ ಓರೆ, ಚೆಂಡು ನಿಜವಾಗಿ ಎಲ್ಲಿತ್ತು ಎಂದು ಅದರಿಂದ ಹೇಳಲು ಬರುವುದಿಲ್ಲ. ಜಪಾನ್ ಗೋಲು ಓರೆ ಕೋನದಿಂದ ಎಲ್ಲರಿಗೂ ಹೊರಗೆಯೇ ಕಂಡಿತ್ತು. ಆದರೂ ಒಬ್ಬ ಮನುಷ್ಯನ ಹೆಸರು ಕೆಡಲು ಅಷ್ಟು ಸಾಕಾಗುತ್ತದೆ.

ಟೂರ್ನಿಯ ಕಮಿಟಿಯವರು ಖರ್ಚಿನ ಪಟ್ಟಿ ಬರೆಯುವಾಗ ಮೊದಲು ಬರುವುದು ಟ್ರೋಫಿ, ಆಮೇಲೆ ಲೈಟು, ಮೈಕು, ಬ್ಯಾನರು, ಅತಿಥಿಗಳಿಗೆ ಶಾಲು. ತಂಡಗಳ ಪಟ್ಟಿಯಲ್ಲಿ ಹೊರಗಿನಿಂದ ಬರುವ ಆಟಗಾರರ ಸಂಭಾವನೆ. ರೆಫರಿ ಮತ್ತು ಲೈನ್ಸ್‌ಮನ್ ಬರುವುದು ಕೊನೆಯ ಸಾಲಿನಲ್ಲಿ, ಉಳಿದದ್ದರಲ್ಲಿ. ಎಷ್ಟೋ ಕಡೆ ಲೈನ್ಸ್‌ಮನ್ ಎಂದರೆ ಮೊದಲ ಸುತ್ತಿನಲ್ಲಿ ಸೋತ ತಂಡದ ಹುಡುಗ, ಕೈಯಲ್ಲಿ ಒಂದು ಬಣ್ಣದ ಬಟ್ಟೆ. ಅವನಿಗೆ ಆಫ್‌ಸೈಡ್ ನಿಯಮ ಗೊತ್ತಿರಬಹುದು, ಗೊತ್ತಿಲ್ಲದೆಯೂ ಇರಬಹುದು. ಸ್ಟ್ರೈಕರ್ ಆಗಬೇಕೆಂದು ಬೂಟು ಕೇಳುವ ಹುಡುಗರು ಮನೆಗೊಬ್ಬರಿದ್ದಾರೆ, ರೆಫರಿ ಆಗಬೇಕೆಂದು ವಿಸಿಲ್ ಕೇಳಿದವರು ಊರಿಗೊಬ್ಬರೂ ಸಿಗುವುದು ಕಷ್ಟ. ಆದರೆ ದಾರಿ ಮುಚ್ಚಿಲ್ಲ. ರೆಫರಿ ಪರೀಕ್ಷೆ, ತರಬೇತಿಗೆ ಜಿಲ್ಲಾ ಸಂಸ್ಥೆ, ಅದರ ಮೇಲೆ ಬೆಂಗಳೂರಿನ ರಾಜ್ಯ ಫುಟ್ಬಾಲ್ ಸಂಸ್ಥೆ ಇದೆ. ನಾಳೆ ಐಎಸ್‌ಎಲ್‌ಗೆ ವಿಎಆರ್ ಬಂದರೂ, ಅಗ್ಗದ ವೀಡಿಯೊ ವ್ಯವಸ್ಥೆ ಬಂದರೂ, ಆ ಪರದೆಯ ಮುಂದೆ ನಿಲ್ಲುವವನು ಇಂಥದ್ದೇ ಯಾವುದೋ ಊರಿನ ಮೈದಾನದಲ್ಲಿ ಬಾವುಟ ಹಿಡಿದು ಶುರು ಮಾಡಿದವನೇ ಆಗಿರುತ್ತಾನೆ.

ಮುಂದಿನ ಸೆವೆನ್ಸ್‌ಗೆ ಚಂದಾ ಎತ್ತುವ ಕಮಿಟಿಯವರು ಟ್ರೋಫಿಯ ಎತ್ತರ ಅರ್ಧ ಅಡಿ ಕಡಿಮೆ ಮಾಡಿದರೆ, ಆ ದುಡ್ಡಿನಲ್ಲಿ ಪರೀಕ್ಷೆ ಪಾಸಾದ ಇಬ್ಬರು ಲೈನ್ಸ್‌ಮನ್‌ಗಳನ್ನು ಕರೆಸಬಹುದು.